ಓದುಗರ ಪ್ರಶ್ನೆಗೆ ಉತ್ತರ: ನಕ್ಷೆಯೂ ಕಥೆಯೂ ಹೊಂದದಿದ್ದಾಗ

ಪ್ರಶ್ನೆ: ಟೋಲ್ಕಿನ್ ಅವರ ‘ದಿ ಹಾಬಿಟ್’ ಮತ್ತು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಗಳ ಪಯಣಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡ ನಕ್ಷೆಯೊಂದರ ಮೇಲೆ ಗುರುತಿಸುತ್ತಿದ್ದೇನೆ. ಮೊದಲನೆಯದರಲ್ಲಿ ಸೇತುವೆ ದಾಟಿದ ರಾತ್ರಿಯೇ ಟ್ರೋಲ್ ದೈತ್ಯರು ಸಿಗುತ್ತಾರೆ. ಎರಡನೆಯದರಲ್ಲಿ ಸೇತುವೆಯಿಂದ ಅದೇ ಜಾಗಕ್ಕೆ ಐದು ದಿನ ಬೇಕಾಗುತ್ತದೆ. ತಪ್ಪು ನಕ್ಷೆಯದೋ, ಕಥೆಯದೋ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಕೈಯಲ್ಲಿರುವ ನಕ್ಷೆ ಯಾವುದೆಂದು ಮೊದಲು ತಿಳಿಯಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಜೊತೆ 1954ರಲ್ಲಿ ಅಚ್ಚಾದ ನಕ್ಷೆಯನ್ನು ಬರೆದವರು ಲೇಖಕರ ಮಗ ಕ್ರಿಸ್ಟೋಫರ್. 1980ರಲ್ಲಿ ‘ಅನ್‌ಫಿನಿಷ್ಡ್ ಟೇಲ್ಸ್’ ಗ್ರಂಥಕ್ಕಾಗಿ ಅವರೇ ಅದನ್ನು ಮತ್ತೆ ಬರೆದರು. ಇವೆರಡನ್ನೂ ಬೇರ್ಪಡಿಸುವುದು ಸುಲಭ. ಕಥೆಯಲ್ಲಿ ಬರುವ ಆರ್ನೋರ್ ರಾಜ್ಯವು ಆರ್ಥೆಡೈನ್, ರುಡೌರ್, ಕಾರ್ಡೊಲಾನ್ ಎಂದು ಮೂರಾಗಿ ಒಡೆಯಿತೆಂದು ಕಾದಂಬರಿಯ ಮೊದಲ ಅನುಬಂಧ ಹೇಳುತ್ತದೆ. ಹಳೆಯ ನಕ್ಷೆಯಲ್ಲಿ ರುಡೌರ್ ಒಂದೇ ಇತ್ತು, ಉಳಿದೆರಡು ಹೆಸರುಗಳನ್ನು 1980ರಲ್ಲಿ ಸೇರಿಸಿ ಆ ಲೋಪವನ್ನು ಸರಿಪಡಿಸಲಾಯಿತು. ನಿಮ್ಮ ಪ್ರತಿಯಲ್ಲಿ ಮೂರೂ ಹೆಸರುಗಳಿದ್ದರೆ ಅದು 1980ರದ್ದು ಅಥವಾ ಅದನ್ನು ನೋಡಿ ಬೇರೆಯವರು ಬರೆದದ್ದು.

ಇನ್ನು ಸೇತುವೆಯ ವಿಷಯ. ಇಲ್ಲಿ ನಕ್ಷೆಗಿಂತ ಪುಸ್ತಕದ ಆವೃತ್ತಿಯೇ ಮುಖ್ಯ. 1937ರ ‘ದಿ ಹಾಬಿಟ್’ನ ಆ ಸಂದರ್ಭದಲ್ಲಿ ಸೇತುವೆಯೇ ಇಲ್ಲ, ಮಳೆಗೆ ಉಕ್ಕಿದ ಒಂದು ನದಿ ಮಾತ್ರ ಇದೆ, ಅದು ಯಾವ ನದಿಯೋ ತನಗೆ ತಿಳಿಯದೆಂದು ಕಥೆಗಾರನೇ ಹೇಳಿಬಿಡುತ್ತಾನೆ. ಕಲ್ಲಿನ ಸೇತುವೆಯೂ ಕತ್ತಲಾಗುವ ಹೊತ್ತಿಗೆ ಅದನ್ನು ದಾಟಿದ ಮಾತೂ ಬಂದದ್ದು 1966ರ ಪರಿಷ್ಕರಣದಲ್ಲಿ. ಎರಡು ಕಾದಂಬರಿಗಳ ಭೂಗೋಳವನ್ನು ಹೊಂದಿಸಲು ಮಾಡಿದ ತಿದ್ದುಪಡಿಯೇ ವ್ಯತ್ಯಾಸವನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡಿತು ಎಂದು ನನಗೆ ತೋರುತ್ತದೆ. 1960ರಲ್ಲಿ ಲೇಖಕರು ಇಡೀ ‘ಹಾಬಿಟ್’ ಅನ್ನೇ ಹೊಸದಾಗಿ ಬರೆಯಲು ಹೊರಟು, ಕೆಲವು ಅಧ್ಯಾಯಗಳಲ್ಲೇ ಅದನ್ನು ಕೈಬಿಟ್ಟಿದ್ದರು.

ನೀವು ಹೇಳುವ ಐದು ದಿನಗಳನ್ನೂ ಎಚ್ಚರಿಕೆಯಿಂದ ಓದಬೇಕು. ಅದೇ ಕಾದಂಬರಿಯ ಎರಡನೆಯ ಅನುಬಂಧದ ಕಾಲಗಣನೆಯಂತೆ ಕಥಾನಾಯಕ ಫ್ರೋಡೋ ತನ್ನ ಸಂಗಡಿಗರೊಂದಿಗೆ ಸೇತುವೆ ದಾಟುವುದು ಅಕ್ಟೋಬರ್ 13ರಂದು. ಕಲ್ಲಾದ ಟ್ರೋಲ್‌ಗಳನ್ನು ಕಂಡ ದಿನವೇ, ಅಂದರೆ 18ರ ಮುಸ್ಸಂಜೆಗೆ, ಎಲ್ಫ್ ಕುಲದ ಗ್ಲೋರ್ಫಿಂಡೆಲ್ ಅವರನ್ನು ಸೇರುತ್ತಾನೆ. ಆದರೆ ನಡುವಿನ ದಿನಗಳಲ್ಲಿ ಅವರು ರಸ್ತೆಯಲ್ಲಿ ನಡೆಯಲೇ ಇಲ್ಲ. ಶತ್ರುಗಳ ಭಯದಿಂದ ಉತ್ತರದ ಗುಡ್ಡಗಳನ್ನು ಹೊಕ್ಕು, ಗಾಯಾಳುವನ್ನು ಜೊತೆಗಿಟ್ಟುಕೊಂಡು, ದಾರಿ ತಪ್ಪಿ ಅಲೆದರು. ಚೆರ್ಕಳದಿಂದ ಜಾಲ್ಸೂರಿಗೆ ಹೊರಟವರು ರಸ್ತೆ ಬಿಟ್ಟು ಕಾಡುಗುಡ್ಡ ಹತ್ತಿಳಿದು ಹೋದರೆ ಎಷ್ಟು ದಿನ ಹಿಡಿಯುತ್ತದೆಂಬುದರಿಂದ ಆ ರಸ್ತೆಯ ಉದ್ದವನ್ನು ಲೆಕ್ಕಹಾಕಲಾದೀತೆ? ಹಾಗಾಗಿ ಐದು ದಿನಗಳನ್ನು ನೇರವಾಗಿ ಮೈಲಿಗೆ ತಿರುಗಿಸಬೇಡಿ. ಆ ಅಲೆದಾಟವನ್ನು ಕಳೆದರೂ ವ್ಯತ್ಯಾಸ ಪೂರ್ತಿ ಅಳಿಯುವುದಿಲ್ಲ, ಅದನ್ನು ಅಳಿಸುವ ಹಟವೂ ಬೇಡ. ಎರಡು ಪಠ್ಯಗಳನ್ನೂ ಆವೃತ್ತಿಯ ವರ್ಷದೊಂದಿಗೆ ನಕ್ಷೆಯ ಅಂಚಿನಲ್ಲಿ ಬರೆದಿಡಿ. ತರಬೇತಾದ ಭೂಗೋಳಜ್ಞೆ ಕರೆನ್ ವಿನ್ ಫಾನ್‌ಸ್ಟಾಡ್ 1981ರಲ್ಲಿ ಹೊರತಂದ, ಟೋಲ್ಕಿನ್ ಕಥಾಲೋಕದ ಅಟ್ಲಾಸ್ ಕೂಡ ಇಂಥ ಕಡೆಗಳಲ್ಲಿ ಅವರ ನಿರ್ಣಯವೇ ಹೊರತು ಮೂಲಪಾಠವಲ್ಲ.

ಹಾಗೆಂದು ಕಥೆಯೇ ಪ್ರಮಾಣ, ನಕ್ಷೆ ಬರೀ ಅಲಂಕಾರ ಎಂದುಕೊಳ್ಳುವಂತಿಲ್ಲ. ತಾನು ನಕ್ಷೆಯಿಂದಲೇ ಆರಂಭಿಸಿ ಕಥೆಯನ್ನು ಅದಕ್ಕೆ ಹೊಂದಿಸಿದೆನೆಂದು 1954ರ ಪತ್ರವೊಂದರಲ್ಲಿ ಟೋಲ್ಕಿನ್ ಬರೆದಿದ್ದಾರೆ. ಅಳೆಯುವಾಗ ಮಾತ್ರ, ‘ಇಷ್ಟು ಅಂಗುಲಕ್ಕೆ ಇಷ್ಟು ಮೈಲಿ’ ಎಂಬ ಬರಹವನ್ನು ನೆಚ್ಚದೆ ನಕ್ಷೆಯೊಳಗೆ ಎಳೆದಿರುವ ಅಳತೆಗೆರೆಯನ್ನೇ ಬಳಸಿ; ಜೆರಾಕ್ಸ್‌ನಲ್ಲಿ ನಕ್ಷೆ ಕುಗ್ಗಿದರೆ ಗೆರೆಯೂ ಅದರೊಂದಿಗೇ ಕುಗ್ಗುತ್ತದೆ, ಬರಹ ಕುಗ್ಗುವುದಿಲ್ಲ.

ಪ್ರಶ್ನೆ: ‘ದಿ ಹಾಬಿಟ್’ನಲ್ಲಿರುವ, ಕುಬ್ಜರ ದೊರೆ ಥ್ರೋರ್‌ನ ನಕ್ಷೆಯ ದಿಕ್ಕುಗಳು ಕಥೆಗೆ ಹೊಂದುತ್ತಿಲ್ಲವೇಕೆ?
– ಓದುಗರು, ಉಪ್ಪಳ

ಉತ್ತರ: ಹೊಂದುತ್ತವೆ. ಆ ನಕ್ಷೆಯಲ್ಲಿ ಮೇಲ್ಗಡೆ ಇರುವುದು ಉತ್ತರವಲ್ಲ, ಪೂರ್ವ. ಆದ್ದರಿಂದ ಎಡಕ್ಕೆ ಉತ್ತರ, ಬಲಕ್ಕೆ ದಕ್ಷಿಣ. ಬೆಟ್ಟದ ಹೆಬ್ಬಾಗಿಲು ದಕ್ಷಿಣಕ್ಕಿದೆ ಎಂದು ಕಥೆ ಹೇಳುವಾಗ ಬಲಬದಿಯನ್ನು ನೋಡಿ. ಅದೇ ಪುಸ್ತಕದ ಇನ್ನೊಂದು ನಕ್ಷೆಯಲ್ಲಿ ಉತ್ತರವು ಎಂದಿನಂತೆ ಮೇಲೆಯೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಒಂದನ್ನು ತಿರುಗಿಸಿಕೊಳ್ಳಬೇಕು.