ಹಡಗು ಬಂದರೆ ಊರಿಗೇನು ಬಂತು?

ಹೋದ ಸಂಚಿಕೆಯಲ್ಲಿ ಸ್ಪೇನಿನ ಬಾರ್ಸಿಲೋನಾ ಬಂದರಿನ ಒಂದು ಫೋಟೋ ಹಾಕಿ ನಾಲ್ಕು ಸಾಲು ಬರೆದಿದ್ದೆ. ಪ್ರವಾಸಿಗರನ್ನು ಊರೂರು ಸುತ್ತಿಸುವ ಮೂರು ಕ್ರೂಸ್ ಹಡಗು ಸಾಲಾಗಿ ನಿಂತಿದ್ದ ಫೋಟೋ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಅಲ್ಲಿನ ಕಡಲ ದಂಡೆ ಮೊದಲಿನಿಂದಲೂ ಅಷ್ಟು ಚೆನ್ನಾಗಿತ್ತಾ? ನಮ್ಮ ತುಂಗೆ ದಂಡೆಯನ್ನೂ ಹಾಗೆ ಮಾಡಬಹುದಲ್ಲ? (ಶಿವಮೊಗ್ಗದಿಂದ ಅಂಗಡಿ ಮಾಲೀಕರೊಬ್ಬರು)

ಇಲ್ಲ ಸ್ವಾಮಿ, ಕೆಟ್ಟದಾಗಿತ್ತು. ಊರು ಸಮುದ್ರದ ಪಕ್ಕದಲ್ಲೇ ಇದ್ದರೂ ಊರಿನವರಿಗೆ ಸಮುದ್ರ ಕಾಣುತ್ತಿರಲಿಲ್ಲ. ಮಧ್ಯೆ ರೈಲು ಹಳಿ, ಗೋದಾಮು, ಕಾರ್ಖಾನೆ. ಕೊಳಚೆ ನೀರೆಲ್ಲ ಕಡಲಿಗೆ. ಮರಳಿನ ಮೇಲೆ ಸೊಮೊರೊಸ್ತ್ರೊ ಅನ್ನುವ ಗುಡಿಸಲು ಕೇರಿ ಇತ್ತು, ಅದನ್ನು 1966ರಲ್ಲಿ ಎತ್ತಂಗಡಿ ಮಾಡಿದರು. ನಮ್ಮದು ಸಮುದ್ರಕ್ಕೆ ಬೆನ್ನು ಹಾಕಿ ಕೂತ ಊರು ಅಂತ ಅಲ್ಲಿಯವರೇ ಹೇಳಿಕೊಳ್ಳುತ್ತಿದ್ದರು.

1992ರ ಒಲಿಂಪಿಕ್ಸ್ ಸಿಕ್ಕಿದ್ದೇ ನೆಪ. ಹಳಿ ಕಿತ್ತರು, ಕಡಲಂಚಿನ ಹೆದ್ದಾರಿಯನ್ನು ಕೆಲವು ಕಡೆ ನೆಲದಿಂದ ಕೆಳಕ್ಕೆ ಇಳಿಸಿದರು, ಕಾರ್ಖಾನೆ ಇದ್ದ ಜಾಗದಲ್ಲಿ ಕ್ರೀಡಾಪಟುಗಳಿಗೆ ಮನೆ ಕಟ್ಟಿದರು, ಮರಳು ತಂದು ಸುರಿದು ನಾಲ್ಕು ಕಿ.ಮೀ.ಗೂ ಜಾಸ್ತಿ ಬೀಚ್ ಮಾಡಿದರು. ಹೌದು, ಇವತ್ತು ಜನ ಬಿದ್ದು ಬಿದ್ದು ಹೋಗುವ ಆ ಬೀಚ್ ಮನುಷ್ಯ ಮಾಡಿದ್ದು. ಹಳೇ ಬಂದರಿನಲ್ಲಿ 1994ರಲ್ಲಿ ರಾಂಬ್ಲಾ ದೆ ಮಾರ್ ಅನ್ನುವ ಮರದ ಕಾಲುಸೇತುವೆ ಬಂತು. ಹಾಯಿದೋಣಿ ಹೋಗಬೇಕಾದರೆ ಸೇತುವೆಯೇ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ. ಮರುವರ್ಷ ಮಾಲ್, ಅಕ್ವೇರಿಯಂ ಎರಡೂ ಬಂದವು. ಮೊದಲು ದಂಡೆ ಊರಿನವರ ಕೈಗೆ ಬಂತು, ಲಕ್ಷಗಟ್ಟಲೆ ಹಡಗಿನ ಜನ ಬಂದಿದ್ದು ಆಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪತ್ರಕ್ಕೆ ಬೇಕು.

ತುಂಗೆ ವಿಷಯ ಬೇರೆ. ಸ್ಮಾರ್ಟ್ ಸಿಟಿ ದುಡ್ಡಲ್ಲಿ ದಂಡೆಗೆ ಕಾಲುದಾರಿ, ಪಾರ್ಕು ಆಗಿದೆ, ಸಂಜೆ ಹೊತ್ತು ನಾನೂ ಹೋಗುತ್ತೇನೆ. ಆದರೆ ಆಷಾಢದ ಮಳೆ ಹಿಡಿದರೆ ನಾವೆಲ್ಲ ಕೊಡೆ ಹಿಡಿದು ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಅಂತ ನೋಡಲು ಓಡುವವರಲ್ವಾ? ಗಾಜನೂರು ಅಣೆಕಟ್ಟಿನಲ್ಲಿ ಗೇಟ್ ಎತ್ತಿದರೆ ಹೊಳೆ ತನ್ನ ಜಾಗ ತಾನು ತಗೊಳ್ಳುತ್ತದೆ. ಬಾರ್ಸಿಲೋನಾದಲ್ಲೂ ಚಳಿಗಾಲದ ಬಿರುಗಾಳಿ ಆ ತಂದು ಹಾಕಿದ ಮರಳನ್ನು ಎಳೆದುಕೊಂಡು ಹೋಗುತ್ತದೆ, ಖರ್ಚು ಮುಗಿಯುವುದೇ ಇಲ್ಲ. ನೀರಿನ ಪಕ್ಕ ಏನು ಕಟ್ಟಿದರೂ ವರ್ಷ ವರ್ಷ ರಿಪೇರಿ ದುಡ್ಡು ಎತ್ತಿಡಬೇಕು.

ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ, ಲಾಂಚಿಗೆ ಕಾಯುತ್ತಿದ್ದ ನಮ್ಮ ಹೊಳೆಬಾಗಿಲಲ್ಲಿ ಮೊದಲಿನ ಹಾಗೆ ಜನ ನಿಲ್ಲುತ್ತಿಲ್ಲ. ಬಾರ್ಸಿಲೋನಾದಲ್ಲಿ ಸಾವಿರಗಟ್ಟಲೆ ಜನ ಬಂದಿಳಿದರೂ ಬೇಡ ಅಂತಾರಂತೆ, ನೀರಿನ ಪಿಸ್ತೂಲು ಹಿಡಿದು ಓಡಿಸಿದರಂತೆ. ಇದು ಕೊಬ್ಬು ಅಲ್ವಾ? (ತುಮರಿ ಕಡೆಯ ಓದುಗರು)

ಮೇಲಿಂದ ನೋಡಿದರೆ ಕೊಬ್ಬೇ. ಸ್ವಲ್ಪ ಲೆಕ್ಕ ನೋಡೋಣ. 1990ರ ಸುಮಾರಿಗೆ ಆ ಬಂದರಿಗೆ ಬರುತ್ತಿದ್ದ ಕ್ರೂಸ್ ಪ್ರಯಾಣಿಕರು ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ. 2019ರಲ್ಲಿ 31 ಲಕ್ಷ. 2024ರಲ್ಲಿ 36 ಲಕ್ಷ ದಾಟಿತು. ಊರಿನ ಜನಸಂಖ್ಯೆ ಹದಿನಾರು ಹದಿನೇಳು ಲಕ್ಷ ಅಷ್ಟೇ.

ಈ ಜನರಲ್ಲಿ ಎರಡು ಬಗೆ. ಮದುವೆ ಮನೆಗೆ ಹಿಂದಿನ ದಿನವೇ ಬಂದು ಉಳಿಯುವ ನೆಂಟರು ಒಂದು ಬಗೆ: ಇವರ ಪ್ರಯಾಣ ಬಾರ್ಸಿಲೋನಾದಲ್ಲೇ ಶುರು, ಅಲ್ಲೇ ಮುಕ್ತಾಯ. ವಿಮಾನದಲ್ಲಿ ಬಂದು ಒಂದೆರಡು ರಾತ್ರಿ ಹೋಟೆಲಲ್ಲಿ ಇದ್ದು ಹಡಗು ಹತ್ತುತ್ತಾರೆ, ಊರಿಗೆ ದುಡ್ಡು ಇವರಿಂದ. ಇನ್ನೊಂದು ಬಗೆ, ಮುಯ್ಯಿ ಕವರ್ ಕೊಟ್ಟು ಫೋಟೋ ತೆಗೆಸಿಕೊಂಡು ಹೊರಟವರು. ಬೆಳಗ್ಗೆ ಇಳಿದು ಸಂಜೆ ವಾಪಸ್. ಇವರಂತೂ ಊಟಕ್ಕೂ ನಿಲ್ಲುವುದಿಲ್ಲ, ಹಡಗಿನ ಊಟಕ್ಕೆ ಮೊದಲೇ ದುಡ್ಡು ಕಟ್ಟಿರುತ್ತಾರೆ!

ನಾನು ಹೋದಾಗ ಬೆಳಗ್ಗೆ ಹತ್ತರ ಹೊತ್ತಿಗೆ ಬೊಕೆರಿಯಾ ಮಾರ್ಕೆಟ್ಟಿನಲ್ಲಿದ್ದೆ. ನಮ್ಮ ಗಾಂಧಿ ಬಜಾರಿನ ಹಾಗೆ ಊರಿನವರು ತಲೆಮಾರಿನಿಂದ ಹಣ್ಣು, ಮೀನು ಕೊಳ್ಳುವ ಜಾಗ. ಛತ್ರಿ ಎತ್ತಿ ಹಿಡಿದ ಗೈಡ್, ಹಿಂದೆ ಒಂದು ದಂಡು, ಎಲ್ಲರ ಎದೆ ಮೇಲೂ ಒಂದೇ ನಂಬರಿನ ಸ್ಟಿಕ್ಕರ್. ಒಬ್ಬ ಅಜ್ಜಿ ಗಾಲಿ ಚೀಲ ಎಳೆದುಕೊಂಡು ಮೀನಿನ ಅಂಗಡಿ ಮುಂದೆ ನಿಂತಿದ್ದಾರೆ, ದಾರಿ ಸಿಗುತ್ತಿಲ್ಲ. ಅಂಗಡಿಯವಳು ತಲೆಗಳ ಮೇಲಿಂದಲೇ ಅವರಿಗೆ ಮೀನಿನ ಪೊಟ್ಟಣ ಚಾಚಿದಳು. ಸುತ್ತ ಇದ್ದವರು ಐಸಿನ ಮೇಲಿನ ಮೀನಿನ ಫೋಟೋ ತೆಗೆದುಕೊಂಡರು, ಒಬ್ಬರೂ ಕೊಳ್ಳಲಿಲ್ಲ. ಹಡಗಿನಲ್ಲಿ ಮೀನು ಒಯ್ದು ಏನು ಮಾಡ್ತಾರೆ ಪಾಪ. ವ್ಯಾಪಾರ ಆಗುತ್ತಿದ್ದಿದ್ದು ಪ್ಲಾಸ್ಟಿಕ್ ಲೋಟದಲ್ಲಿ ಹೆಚ್ಚಿಟ್ಟ ಹಣ್ಣಿಗೆ ಮಾತ್ರ, ಹಾಗಾಗಿ ಅಂಥ ಅಂಗಡಿಗಳೇ ಜಾಸ್ತಿ ಆಗುತ್ತಿವೆ.

ಆದರೆ ಎಲ್ಲವನ್ನೂ ಹಡಗಿನ ತಲೆಗೆ ಕಟ್ಟಬಾರದು. ವಿಮಾನದಲ್ಲಿ ಬರುವವರು ಇನ್ನೂ ಜಾಸ್ತಿ. ನೀರಿನ ಪಿಸ್ತೂಲಿನ ಗಲಾಟೆ 2024ರ ಜುಲೈನದು, ಅದರ ಬೇರು ಮನೆ ಬಾಡಿಗೆಯಲ್ಲಿದೆ. ಮನೆಗಳನ್ನೆಲ್ಲ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಊರಿನ ಹುಡುಗರು ಎಲ್ಲಿರಬೇಕು? ಅಂಥ 10,101 ಮನೆಗಳ ಪರವಾನಗಿಯನ್ನು 2028ರ ಹೊತ್ತಿಗೆ ನಿಲ್ಲಿಸುತ್ತೇವೆ ಅಂತ ನಗರಾಡಳಿತ ಹೇಳಿದೆ.

ಹಡಗನ್ನು ಸುಮ್ನೆ ನಿಲ್ಲಿಸಿಬಿಡಬಹುದಲ್ಲ ಅಂತೀರಾ, ಆಗಲ್ಲ. ಬಂದರು ನಗರಸಭೆಯ ಕೈಲಿಲ್ಲ, ಅದಕ್ಕೆ ಬೇರೆಯೇ ಪ್ರಾಧಿಕಾರ. ಕೂತು ಮಾತಾಡಿಯೇ ಒಪ್ಪಿಸಬೇಕು. 2018ರಲ್ಲಿ ಒಂದು ಒಪ್ಪಂದ ಆಯಿತು: ಏಳಕ್ಕಿಂತ ಜಾಸ್ತಿ ಟರ್ಮಿನಲ್ (ಹಡಗಿನ ಜನ ಹತ್ತಿ ಇಳಿಯುವ ನಿಲ್ದಾಣ) ಬೇಡ, ಊರಿಗೆ ಅಂಟಿಕೊಂಡ ಧಕ್ಕೆ ಬಿಟ್ಟು ಹಡಗುಗಳು ದೂರದ ಅದೋಸಾತ್ ಧಕ್ಕೆಗೆ ಹೋಗಬೇಕು. 2025ರ ಜುಲೈನಲ್ಲಿ ಇನ್ನೊಂದು: 2030ರೊಳಗೆ ಏಳು ಇದ್ದದ್ದು ಐದಕ್ಕೆ. ಕೇಳಲು ಭರ್ಜರಿಯಾಗಿದೆ, ಆದರೆ ಮೂರು ಹಳೇ ಟರ್ಮಿನಲ್ ಕೆಡವಿ 7,000 ಜನ ಹಿಡಿಸುವ ಒಂದು ಹೊಸದು ಕಟ್ಟುತ್ತಾರೆ, ಒಟ್ಟು ಸಾಮರ್ಥ್ಯ ಒಮ್ಮೆಗೆ 37,000ದಿಂದ 31,000ಕ್ಕೆ ಇಳಿಯುತ್ತದೆ ಅಷ್ಟೇ. ನನಗೆ ಇದು ಚೌಕಾಸಿ ಅನ್ನಿಸುತ್ತದೆ. ಒಂದು ಮಾತು ಒಳ್ಳೆಯದಿದೆ, ಹೊಸ ಟರ್ಮಿನಲ್ಲಿನಲ್ಲಿ ಅಲ್ಲಿಂದಲೇ ಹೊರಡುವ ಹಡಗುಗಳಿಗೆ ಮೊದಲ ಆದ್ಯತೆ. ಮಲ್ಯೋರ್ಕಾ ದ್ವೀಪದ ಪಾಲ್ಮಾ ಬಂದರು 2022ರಿಂದ ದಿನಕ್ಕೆ ಮೂರೇ ಹಡಗು ಅಂತ ಗೆರೆ ಎಳೆದಿದೆ. ವೆನಿಸ್ 2021ರ ಆಗಸ್ಟಿನಿಂದ ದೊಡ್ಡ ಹಡಗುಗಳನ್ನು ತನ್ನ ಜುದೆಕ್ಕಾ ಅನ್ನುವ ಕಾಲುವೆಗೆ ಬಿಡುತ್ತಿಲ್ಲ.

ನಿಮ್ಮ ಹೊಳೆಬಾಗಿಲಿಗೆ ಬರುತ್ತೇನೆ. ಲಾಂಚಿಗೆ ಕಾಯುತ್ತಾ ನಾನೇ ಅಲ್ಲಿ ಎಷ್ಟು ಸಲ ಮಂಡಕ್ಕಿ ತಿಂದು ಚಾ ಕುಡಿದಿಲ್ಲ. ಅಂಗಡಿಗಳು ನಡೆಯುತ್ತಿದ್ದಿದ್ದೇ ನಮ್ಮ ಕಾಯುವಿಕೆಯ ಮೇಲೆ. ಕ್ರೂಸ್ ಕಂಪನಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಹಾಗಾಗಿಯೇ ಚಾ, ಅಂಗಡಿ, ನಾಟಕ, ಈಜುಕೊಳ ಎಲ್ಲ ಹಡಗಿನೊಳಗೇ ಇಟ್ಟು, ಕಾಯುವ ಜನರನ್ನು ತಮ್ಮಲ್ಲೇ ಇರಿಸಿಕೊಂಡಿದ್ದಾರೆ. ಇಷ್ಟಾಗಿಯೂ ನಿಮಗೆ ಸೇತುವೆ ಬೇಡವಾಗಿತ್ತು ಅಂತ ನಾನು ಹೇಳಲಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಪಟ್ಟ ಪಾಡು ನಿಮಗೇ ಗೊತ್ತು.

ಹಡಗು ನಿಂತಿರುವಾಗಲೂ ಹೊಗೆ ಬರುತ್ತದಂತೆ, ನಿಜವಾ? (ತೀರ್ಥಹಳ್ಳಿಯ ಕಾಲೇಜು ವಿದ್ಯಾರ್ಥಿನಿ)

ನಿಜ ಕಣಮ್ಮಾ. ಹಡಗು ಅಂದರೆ ತೇಲುವ ಊರು. ದಡದಲ್ಲಿ ನಿಂತರೂ ಎಸಿ, ಅಡುಗೆಮನೆ, ಲಿಫ್ಟ್ ಓಡಬೇಕು, ಅದಕ್ಕೆ ಒಳಗಿನ ಜನರೇಟರ್ ಎಣ್ಣೆ ಸುಡುತ್ತಲೇ ಇರುತ್ತದೆ. ಕರೆಂಟ್ ಹೋದಾಗ ಮದುವೆ ಛತ್ರದ ಹಿಂದೆ ಜನರೇಟರ್ ಗುಡುಗುಡು ಅನ್ನುತ್ತಲ್ಲ, ಅದನ್ನೇ ನೂರು ಪಟ್ಟು ಮಾಡಿಕೋ. ಮೆಡಿಟರೇನಿಯನ್ನಿನಲ್ಲಿ 2025ರ ಮೇ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ 0.1 ಶೇಕಡಾಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಕಡಲಲ್ಲಿ ಓಡುವಾಗ ಮೊದಲು 0.5 ಇತ್ತು. ದಡದಿಂದಲೇ ಕರೆಂಟ್ ಕೊಟ್ಟು ಜನರೇಟರ್ ಆರಿಸುವ ವ್ಯವಸ್ಥೆಯೂ ಬರುತ್ತಿದೆ. ಯುರೋಪಿನ ಮುಖ್ಯ ಬಂದರುಗಳಲ್ಲಿ ದೊಡ್ಡ ಪ್ರಯಾಣಿಕ ಹಡಗುಗಳಿಗೆ 2030ರಿಂದ ಅದು ಕಡ್ಡಾಯ.

ನಾವು ಗಂಡ ಹೆಂಡತಿ ಇಬ್ಬರೂ ರಿಟೈರ್ಡ್ ಮೇಷ್ಟ್ರು. ಇಷ್ಟೆಲ್ಲ ಕೇಳಿದ ಮೇಲೂ ಒಂದು ಸಲ ಹೋಗಬೇಕು ಅಂತ ಆಸೆ. ತಪ್ಪಾ? (ಹೊಸನಗರ)

ತಪ್ಪೇನಿಲ್ಲ ಸಾರ್, ಹೋಗಿ ಬನ್ನಿ. ಜುಲೈ, ಆಗಸ್ಟ್ ಬೇಡ, ಬಿಸಿಲು, ಜನ ಎರಡೂ ವಿಪರೀತ. ಮೇ ಅಥವಾ ಅಕ್ಟೋಬರ್ ನೋಡಿ. ಬಾರ್ಸಿಲೋನಾದಿಂದಲೇ ಹೊರಡುವ ಹಡಗು ಆರಿಸಿಕೊಂಡು ಎರಡು ದಿನ ಮುಂಚೆ ಹೋಗಿ ಊರಲ್ಲಿ ಉಳಿಯಿರಿ. ಹಡಗು ಟರ್ಕಿ, ಟುನೀಷಿಯಾ ಕಡೆ ಹೋಗಿ ಬರುವುದಾದರೆ ಯುರೋಪಿನ ಷೆಂಗೆನ್ ವೀಸಾ ಹಲವು ಬಾರಿ ಪ್ರವೇಶದ್ದೇ ಇರಬೇಕು, ಆ ದೇಶಗಳ ವೀಸಾ ಬೇಕಾ ಅಂತಲೂ ವಿಚಾರಿಸಿ. ಈರುಳ್ಳಿ ಬೆಳ್ಳುಳ್ಳಿ ಬೇಡದವರಾದರೆ ಬುಕ್ ಮಾಡುವಾಗಲೇ ಬರೆಸಿ, ಒಂದು ಡಬ್ಬಿ ಉಪ್ಪಿನಕಾಯಿ ಇರಲಿ.

ಇನ್ನೊಂದು ಮಾತು. ಊರು ಸುತ್ತಲು ಇಳಿದರೆ ಹಡಗಿನವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ವಾಪಸ್ ಬನ್ನಿ. ನಮ್ಮ ಲಾಂಚಿನವರು ಗುಡ್ಡದ ತಿರುವಿನಲ್ಲಿ ನಾವು ಕೈ ಬೀಸುತ್ತಾ ಓಡಿ ಬರುವುದು ಕಂಡರೆ ಬೈದುಕೊಂಡಾದರೂ ಎರಡು ನಿಮಿಷ ನಿಲ್ಲಿಸುತ್ತಿದ್ದರು. ಅಲ್ಲಿ ಕೈ ಬೀಸಿದರೆ ಮೇಲೆ ನಿಂತವರು ವಿಡಿಯೋ ಮಾಡಿಕೊಳ್ಳುತ್ತಾರೆ, ಹಡಗು ಹೊರಟೇ ಹೋಗುತ್ತದೆ.