ಹೊಸ ಟೈರ್ ಎರಡೇ ಹಾಕಿಸಿದಿರಿ, ಅಲ್ವಾ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮ ಕಾಫಿ ತೋಟ. ಎಂಟು ವರ್ಷ ಹಳೆಯ ಆಲ್ ವೀಲ್ ಡ್ರೈವ್ ಎಸ್‌ಯುವಿ ಇದೆ. ಮಾಮೂಲಿಯಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಜಾರಿದಾಗ ಮಾತ್ರ ಹಿಂದಿನವೂ ಸೇರಿಕೊಳ್ಳುತ್ತವೆ. ಜೂನ್‌ನಲ್ಲಿ ತೋಟದ ದಾರಿಯ ಕಲ್ಲು ತಾಗಿ ಹಿಂದಿನ ಒಂದು ಟೈರ್ ಪಕ್ಕದಲ್ಲಿ ಸೀಳಿತು. ಹಿಂದಿನ ಎರಡನ್ನೂ ಹೊಸದು ಹಾಕಿಸಿದೆ. ಹದಿನೈದು ದಿನದಿಂದ ಆಲ್ ವೀಲ್ ಡ್ರೈವ್‌ನ ಹಳದಿ ಲೈಟ್ ಬರುತ್ತಿದೆ. ಬೆಳಿಗ್ಗೆ ಇರುವುದಿಲ್ಲ, ಮೈಸೂರಿಗೆ ಹೊರಟರೆ ಅರ್ಧ ದಾರಿಯಲ್ಲಿ ಹತ್ತಿಕೊಳ್ಳುತ್ತದೆ. ಮಗಳಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಸಾಮಾನು ಸಮೇತ ಬಿಟ್ಟು ಬರಬೇಕು. ಹತ್ತಿರ ಹತ್ತಿರ 800 ಕಿ.ಮೀ. ಇಲ್ಲಿನ ಮೆಕ್ಯಾನಿಕ್ "ಫ್ಯೂಸ್ ತೆಗೆದುಬಿಡಿ ಸಾರ್, ಇಲ್ಲಾಂದ್ರೆ ಹಿಂದಿನ ಶಾಫ್ಟ್ ಬಿಚ್ಚಿ ಕೊಡ್ತೀನಿ" ಅಂತಾರೆ (ಶಾಫ್ಟ್ ಅಂದರೆ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ದಂಡ). ಹಾಗೆ ಹೋಗಬಹುದಾ?
(ಓದುಗರು, ದಕ್ಷಿಣ ಕೊಡಗು)

ಉತ್ತರ: ಈಗಿರುವ ಹಾಗೆ ಹೈದರಾಬಾದಿಗೆ ಬೇಡ. ಆದರೆ ದೊಡ್ಡ ರಿಪೇರಿ ಅಂತ ಈಗಲೇ ಹೆದರಬೇಕಿಲ್ಲ. ನಿಮ್ಮ ಪತ್ರದಲ್ಲೇ ನನ್ನ ಅನುಮಾನಕ್ಕೆ ಕಾರಣ ಇದೆ. ಜೂನ್‌ನಲ್ಲಿ ಎರಡು ಟೈರ್, ಆಮೇಲೆ ಲೈಟ್.

ನಿಮ್ಮ ತರಹದ ಗಾಡಿಯಲ್ಲಿ ಹಿಂದಿನ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಮುಂದೆ ಒಂದು ಕಪ್ಲಿಂಗ್ ಇರುತ್ತದೆ. ಒಳಗೆ ತೆಳು ಕ್ಲಚ್ ಪ್ಲೇಟ್‌ಗಳ ಸಾಲು, ಅವು ಆಯಿಲ್‌ನಲ್ಲಿ ಮುಳುಗಿರುತ್ತವೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ಸುತ್ತಿದರೆ, ಜಾರುತ್ತಿದೆ ಎಂದು ಕಂಪ್ಯೂಟರ್ ತಿಳಿದು ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ, ಆಗ ಹಿಂದಿನ ಚಕ್ರಗಳಿಗೂ ಬಲ ಹೋಗುತ್ತದೆ. ಕೆಸರಿನಲ್ಲಿ ಒಂದೆರಡು ನಿಮಿಷಕ್ಕೆ ಇದು ಸರಿ.

ಈಗ ನಿಮ್ಮ ಟೈರ್ ಲೆಕ್ಕ ನೋಡೋಣ. 215/65 ಆರ್16 ಅಳತೆ ಎಂದಿಟ್ಟುಕೊಳ್ಳಿ. ಹೊಸದರಲ್ಲಿ ಟೈರ್ ಮೇಲಿನ ಗೀರು (ಟ್ರೆಡ್) ಸುಮಾರು 8 ಮಿ.ಮೀ. ಆಳ ಇರುತ್ತದೆ. ಹೊಸ ಟೈರ್ ಒಂದು ಕಿಲೋಮೀಟರಿಗೆ 464 ಸುತ್ತು ಸುತ್ತುತ್ತದೆ. ಸವೆದು 3 ಮಿ.ಮೀ. ಉಳಿದದ್ದು 471. ಏಳೇ ಸುತ್ತು ತಾನೇ ಅನ್ನಿಸಬಹುದು. ಹೈದರಾಬಾದ್ ಮುಟ್ಟುವಷ್ಟರಲ್ಲಿ ಅದು 5,500 ಸುತ್ತು ದಾಟುತ್ತದೆ. ಒಣ ಟಾರ್ ರಸ್ತೆಯಲ್ಲಿ, ಒಂದೇ ಸಮನೆ ಓಡುವಾಗಲೂ, ಮುಂದಿನ ಚಕ್ರ ಜಾರುತ್ತಿದೆ ಎಂದೇ ಕಂಪ್ಯೂಟರ್ ಅಂದುಕೊಳ್ಳುತ್ತದೆ. ಪ್ಲೇಟ್‌ಗಳು ಸುಮ್ನೆ ಉಜ್ಜಿ ಉಜ್ಜಿ ಕಾಯುತ್ತವೆ. ಬೆಳಿಗ್ಗೆ ಇಲ್ಲದ ಲೈಟ್ ಅರ್ಧ ದಾರಿಯಲ್ಲಿ ಬರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಹೊಸ ಟೈರ್ ಹಿಂದಕ್ಕೆ ಹಾಕಿದ್ದರಲ್ಲಿ ಅಂಗಡಿಯವರ ತಪ್ಪಿಲ್ಲ. ಬೇರೆ ಕಾರುಗಳಿಗೆ ಅದೇ ಸರಿ. ಆಲ್ ವೀಲ್ ಡ್ರೈವ್‌ಗೆ ಮಾತ್ರ ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ, ಹೆಚ್ಚುಕಮ್ಮಿ ಒಂದೇ ಸವೆತದ್ದು ಬೇಕು. ಹಲವು ಕಂಪನಿಗಳು 2–3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬೇಡ ಅನ್ನುತ್ತವೆ. ಟೈರ್ ಅಂಗಡಿಯ ಗೇಜ್‌ನಲ್ಲಿ ನಾಲ್ಕನ್ನೂ ಅಳೆಸಿ. ಮುಂದಿನವು ಸವೆದಿದ್ದರೆ ಇನ್ನೆರಡು ಹೊಸದು ಕೊಂಡುಬಿಡಿ. ಕಪ್ಲಿಂಗ್ ಹೋದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಹೇಗೂ ಈ ಮಳೆಯಲ್ಲಿ 3 ಮಿ.ಮೀ. ಟೈರ್ ನಂಬಿ ಅಷ್ಟು ದೂರ ಹೋಗುವುದು ನನಗಂತೂ ಇಷ್ಟವಿಲ್ಲ.

ಟೈರ್ ಬದಲಿಸುವ ಮೊದಲು ಗಾಡಿಯ ಕಂಪ್ಯೂಟರನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ. ಅದು ತೋರಿಸುವ ದೋಷದ ಕೋಡ್ ಅಳಿಸುವ ಮುಂಚೆ ಬರೆದುಕೊಳ್ಳಲು ಹೇಳಿ, ಇಲ್ಲಿ ಹೆಚ್ಚಿನವರು ಮೊದಲು ಅಳಿಸಿ ಆಮೇಲೆ ಯೋಚಿಸುತ್ತಾರೆ. ಚಕ್ರದ ಸ್ಪೀಡ್ ಸೆನ್ಸರ್‌ಗೆ ಕೆಸರು ಮೆತ್ತಿದ್ದರೂ, ಕನೆಕ್ಟರ್‌ಗೆ ನೀರು ಹೋಗಿದ್ದರೂ, ಬ್ಯಾಟರಿ ಸೋತಿದ್ದರೂ ಇದೇ ಲೈಟ್ ಬರುತ್ತದೆ. ಕಕ್ಕಡದ (ಕೊಡಗಿನ ಜುಲೈ–ಆಗಸ್ಟ್ ಹೊತ್ತಿನ ತಿಂಗಳು) ಮಳೆಗೆ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬರುತ್ತವೆ, ವೈರ್ ಕಡಿದಿದೆಯಾ ಅಂತಲೂ ನೋಡಿಸಿ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಲೈಟ್ ಕೂಡ ಜೊತೆಗೆ ಹತ್ತಿದರೆ ಸೆನ್ಸರ್ ಮೇಲೆ ಮೊದಲ ಅನುಮಾನ. ಆಗ ಎಬಿಎಸ್ ಕೆಲಸ ಮಾಡದಿರಬಹುದು, ಅದನ್ನು ಸರಿಮಾಡಿಸದೆ ಹೊರಡಬೇಡಿ.

ಕಪ್ಲಿಂಗ್ ಈಗಾಗಲೇ ಹಿಡಿದುಕೊಂಡಿದೆಯಾ ಎಂದು ನೀವೇ ನೋಡಬಹುದು. ವಿರಾಜಪೇಟೆಗೆ ಹೋಗಿಬಂದು, ಗಾಡಿ ಬಿಸಿ ಇರುವಾಗಲೇ ಕಾಫಿ ಕಣದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹಾಕಿ. ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಚಿಕ್ಕದು. ಕಪ್ಲಿಂಗ್ ಬಿಟ್ಟುಕೊಟ್ಟರೆ ಗಾಡಿ ಹಗುರವಾಗಿ ಉರುಳುತ್ತದೆ. ಹಿಡಿದುಕೊಂಡಿದ್ದರೆ ಹ್ಯಾಂಡ್‌ಬ್ರೇಕ್ ಅರ್ಧ ಎಳೆದ ಹಾಗೆ ತಡೆಯುತ್ತದೆ, ಟೈರ್ ಕೀರಲುತ್ತದೆ. ಈ ತಿಂಗಳು ಕಣಕ್ಕೆ ಪಾಚಿ ಕಟ್ಟಿದ್ದರೆ ಈ ಪರೀಕ್ಷೆ ನಂಬಬೇಡಿ. ಜಾರುವ ನೆಲದಲ್ಲಿ ಹಿಡಿದುಕೊಂಡ ಗಾಡಿಯೂ ಆರಾಮವಾಗಿ ತಿರುಗಿಬಿಡುತ್ತದೆ. ಹುಣಸೂರು ಕಡೆ ಹೋದಾಗ ಒಣಗಿದ ಸಿಮೆಂಟ್ ಅಂಗಳ ಸಿಕ್ಕರೆ ಅಲ್ಲಿ ಮಾಡಿ.

ಗಾಡಿ ತಡೆದರೆ, ಸುಟ್ಟ ವಾಸನೆ ಬಂದರೆ, ಹಿಂದಿನಿಂದ ಊಳಿಡುವ ಸದ್ದಿದ್ದರೆ, 60–80ರ ವೇಗದಲ್ಲಿ ಗಾಡಿಯೊಳಗಿನ ನೆಲ ನಡುಗಿದರೆ, ಡಿಫರೆನ್ಷಿಯಲ್ ಕೆಳಗೆ ಆಯಿಲ್ ಜಿನುಗಿದ್ದರೆ ಪ್ರಯಾಣದ ಮಾತೇ ಬೇಡ. ಮಗಳನ್ನು ಬಸ್ಸಿಗೋ ರೈಲಿಗೋ ಹತ್ತಿಸಿ, ಸಾಮಾನು ಬೇರೆ ಕಳಿಸಿ. ಇದ್ಯಾವುದೂ ಇಲ್ಲದೆ ಬರೀ ಲೈಟ್ ಇದ್ದು, ಕಪ್ಲಿಂಗ್ ಬಿಟ್ಟ ಸ್ಥಿತಿಯಲ್ಲೇ ಇದ್ದರೆ ನಿಮ್ಮದು ಮಾಮೂಲಿ ಫ್ರಂಟ್ ವೀಲ್ ಡ್ರೈವ್ ಕಾರ್ ಆಗಿರುತ್ತದೆ. ಟಾರ್ ರಸ್ತೆಗೆ ಅಷ್ಟು ಸಾಕು. ಬ್ರೇಕ್ ಹಿಡಿಯುವುದಕ್ಕೆ ಆಲ್ ವೀಲ್ ಡ್ರೈವ್‌ನಿಂದ ಮೊದಲೂ ಲಾಭ ಇರಲಿಲ್ಲ.

ಇನ್ನು ನಿಮ್ಮ ಮೆಕ್ಯಾನಿಕ್ ಮಾತು. ಫ್ಯೂಸ್ ಬೇಡ. ಕೆಲವು ಗಾಡಿಗಳಲ್ಲಿ ಅದೇ ಫ್ಯೂಸ್ ಬೇರೆ ಕೆಲಸವನ್ನೂ ಹೊತ್ತಿರುತ್ತದೆ, ಎಬಿಎಸ್ ಮತ್ತು ಜಾರದಂತೆ ಕಾಯುವ ವ್ಯವಸ್ಥೆ ಕೂಡ ನಿಂತುಹೋಗಬಹುದು. ಮೇಲಾಗಿ, ಗಟ್ಟಿಯಾಗಿ ಹಿಡಿದುಕೊಂಡ ಕಪ್ಲಿಂಗ್ ಫ್ಯೂಸ್ ತೆಗೆದರೂ ಬಿಡುವುದಿಲ್ಲ. ಶಾಫ್ಟ್ ಬಿಚ್ಚುವ ಮಾತು ಪೂರ್ತಿ ತಪ್ಪಲ್ಲ, ನಿಮ್ಮ ಮಾದರಿಯ ಗಾಡಿ ಅದಿಲ್ಲದೆಯೂ ಓಡುತ್ತದೆ. ಆದರೆ ಅದು ಒಳ್ಳೆಯ ವರ್ಕ್‌ಶಾಪ್‌ನಲ್ಲಿ, ಆಯಿಲ್ ಸೋರುವುದಿಲ್ಲ ಎಂದು ಖಚಿತ ಮಾಡಿಕೊಂಡು ಮಾಡುವ ಕೆಲಸ. ಈ ಉತ್ತರ ಓದಿ ಬೇರೆಯವರು ಅದೇ ಮಾಡಲು ಹೋಗಬೇಡಿ. ನಡುವೆ, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್ ಇದ್ದು ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಒಂದು ಶಾಫ್ಟ್ ತೆಗೆದರೆ, ಬಲವೆಲ್ಲ ಖಾಲಿ ಕಡೆ ಹೋಗಿ ಡಿಫರೆನ್ಷಿಯಲ್ಲೇ ಹಾಳಾಗಬಹುದು. ಹಳೇ ಜೀಪ್‌ಗಳ ಲೆಕ್ಕ ಬೇರೆ, ಅಲ್ಲಿ ಲಿವರ್ ಟೂ ವೀಲ್‌ಗೆ ಹಾಕಿದರೆ ಮುಗಿಯಿತು. ನಮ್ಮ ಕಡೆ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡಿದ್ದೇ ಜೀಪ್‌ಗಳಲ್ಲಿ, ಹಾಗಾಗಿ ಎಲ್ಲಕ್ಕೂ ಅದೇ ಮದ್ದು ಹೇಳುತ್ತಾರೆ!

ದಾರಿಯಲ್ಲಿ ನಿಂತರೆ ಎಳೆಸುವ ವಿಷಯದಲ್ಲಿ ಹುಷಾರು. ಎರಡು ಚಕ್ರ ಎತ್ತಿ ಎರಡು ಉರುಳಿಸಿಕೊಂಡು ಹೋಗುವ ಕ್ರೇನ್ ಬೇಡ. ನನ್ನ ಪರಿಚಯದವರೊಬ್ಬರ ಗಾಡಿಯನ್ನು ಪಿರಿಯಾಪಟ್ಟಣದಿಂದ ಹಾಗೆ ಮೈಸೂರಿಗೆ ಎಳೆದರು. ಹೊರಟಾಗ ಕೆಟ್ಟಿದ್ದು ಒಂದು ಸೆನ್ಸರ್, ತಲುಪುವಾಗ ಕಪ್ಲಿಂಗೂ ಕೆಟ್ಟಿತ್ತು. ವಿಮೆಯ ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡುವಾಗ "ಆಲ್ ವೀಲ್ ಡ್ರೈವ್, ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ಬೇಕು" ಎಂದೇ ಹೇಳಿ.

ಹೊರಟ ಮೇಲೆ ಲೈಟ್ ಮಿನುಗತೊಡಗಿದರೆ ಸಾಮಾನ್ಯವಾಗಿ ಕಪ್ಲಿಂಗ್ ಕಾದಿದೆ ಎಂದರ್ಥ. ಪಕ್ಕಕ್ಕೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಸ್ಟೆಪ್ನಿ ಹಾಕಬೇಕಾದರೆ ಅದೂ ಅದೇ ಅಳತೆಯದ್ದಿರಲಿ, ಸಣ್ಣದಾಗಿದ್ದರೆ ಹತ್ತಿರದ ಟೈರ್ ಅಂಗಡಿವರೆಗೆ ಮಾತ್ರ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಮಿತಿ 100, ನೀವು 80ರಲ್ಲೇ ಹೋಗಿ. ವಾಪಸ್ ಬಂದಾಗ ಮನೆಯ ಮಣ್ಣಿನ ಏರು ಹತ್ತಿಸಲು ಒದ್ದಾಡಬೇಡಿ, ಗಾಡಿಯನ್ನು ಟಾರ್ ರಸ್ತೆಯಲ್ಲೇ ಬಿಟ್ಟು ಜೀಪ್ ಕರೆಸಿಕೊಳ್ಳಿ.

ನಾಲ್ಕೂ ಟೈರ್ ಸರಿಯಾದ ಮೇಲೆ, ಹೈದರಾಬಾದಿಗೆ ಹೊರಡುವ ಎರಡು ದಿನ ಮೊದಲು ಮೈಸೂರಿಗೆ ಒಮ್ಮೆ ಹೋಗಿ ಬನ್ನಿ. ಮತ್ತೆ ಲೈಟ್ ಬಂದರೆ ಕಪ್ಲಿಂಗ್‌ನ ಆಯಿಲ್ ತೆಗೆಸಿ ನೋಡಬೇಕು. ಹಲವು ಗಾಡಿಗಳಲ್ಲಿ ಇದಕ್ಕೆ ಬೇರೆಯದೇ ಆಯಿಲ್ ಇರುತ್ತದೆ, ಎಂಟು ವರ್ಷದಲ್ಲಿ ಯಾರೂ ಮುಟ್ಟಿರದ ಸಾಧ್ಯತೆ ಜಾಸ್ತಿ. ತಿತಿಮತಿಯಲ್ಲಿ ಲೈಟ್ ಬಂದರೆ ತಿರುಗಿಸಿಕೊಂಡು ಮನೆಗೆ ಬರಬಹುದು. ಕರ್ನೂಲು ದಾಟಿದ ಮೇಲೆ ಬಂದರೆ ಎಲ್ಲಿಗೆ ತಿರುಗಿಸುತ್ತೀರಿ?