ಫ್ಲಾಟ್ ಬಡ್ಡಿಗೂ ರೆಡ್ಯೂಸಿಂಗ್ ಬ್ಯಾಲೆನ್ಸ್ ಬಡ್ಡಿಗೂ ಏನು ವ್ಯತ್ಯಾಸ?

ಬೈಕ್ ಕೊಳ್ಳಲು ಹೋದರೆ ಸಾಲ ಕೊಡಿಸುವವರು "ಬರೀ 10% ಸರ್" ಅನ್ನುತ್ತಾರೆ. ಬ್ಯಾಂಕಿನಲ್ಲಿ 14% ಅನ್ನುತ್ತಾರೆ. ಹತ್ತೇ ಕಡಿಮೆ ಅಲ್ವಾ ಅಂತ ಸುಮ್ನೆ ಸಹಿ ಹಾಕಬೇಡಿ. ಮೊದಲಿನದು ಫ್ಲಾಟ್, ಎರಡನೆಯದು ರೆಡ್ಯೂಸಿಂಗ್ ಆಗಿದ್ದರೆ ಲೆಕ್ಕವೇ ತಿರುಗಿಬಿಡುತ್ತದೆ.

1,20,000 ರೂಪಾಯಿ ಸಾಲ, ಒಂದು ವರ್ಷ ಅಂದುಕೊಳ್ಳಿ. 10% ಫ್ಲಾಟ್ ಅಂದರೆ ಬಡ್ಡಿ 12,000, ತಿಂಗಳ ಕಂತು 11,000. ಇದರಲ್ಲಿ 10,000 ಅಸಲು, 1,000 ಬಡ್ಡಿ. ಕೊನೆಯ ತಿಂಗಳು ನೋಡಿ. ಆಗ ನೀವು ಕೊಡಬೇಕಾದ ಅಸಲು 10,000 ಮಾತ್ರ. ಆದರೂ ಬಡ್ಡಿ ಹಾಕುವುದು 1,20,000ಕ್ಕೇ! ತೀರಿಸಿದ ಹಣಕ್ಕೂ ಬಡ್ಡಿ ಕಟ್ಟುತ್ತಿದ್ದೀರಿ.

ರೆಡ್ಯೂಸಿಂಗ್‌ನಲ್ಲಿ ಪ್ರತಿ ತಿಂಗಳು ಉಳಿದ ಅಸಲಿಗಷ್ಟೇ ಬಡ್ಡಿ. ಇದೇ ಸಾಲಕ್ಕೆ 14% ರೆಡ್ಯೂಸಿಂಗ್ ಆದರೆ ಕಂತು ಸುಮಾರು 10,775, ಒಟ್ಟು ಬಡ್ಡಿ 9,300ರ ಆಸುಪಾಸು. ಅಂದರೆ 14%ಗಿಂತ ಆ 10% ದುಬಾರಿ. ಈ ಲೆಕ್ಕದಲ್ಲಿ 10% ಫ್ಲಾಟ್ ಅನ್ನುವುದು ಹೆಚ್ಚುಕಡಿಮೆ 18% ರೆಡ್ಯೂಸಿಂಗ್‌ಗೆ ಸಮ.



ಶೇಕಡಾ ಎಷ್ಟು ಅಂತ ಕೇಳುವ ಬದಲು "ಎಪಿಆರ್ ಎಷ್ಟು?" ಅಂತ ಕೇಳಿ. ಎಪಿಆರ್ ಅಂದರೆ ಸಾಲಕ್ಕೆ ವರ್ಷಕ್ಕೆ ನಿಜವಾಗಿ ಬೀಳುವ ಒಟ್ಟು ದರ; ಅದರಲ್ಲಿ ಪ್ರೊಸೆಸಿಂಗ್ ಶುಲ್ಕವೂ ಸೇರಿರುತ್ತದೆ. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಎಪಿಆರ್ ನಮೂದಿಸಿದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಹಾಳೆ) ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಸಹಿಗೆ ಮುಂಚೆ ಆ ಹಾಳೆಯನ್ನು ಕೈಗೆ ಕೇಳಿ ಪಡೆಯಿರಿ.